ಹದಿನಾರನೆಯ ಅಕ್ಷರ

ಸದಸ್ಯರ ವಿವರಗಳನ್ನು ಇಡಲೆಂದು ನಾನು ಸಿ ಭಾಷೆಯಲ್ಲಿ ಬರೆದುಕೊಂಡಿದ್ದ ಪುಟ್ಟ ಪ್ರೋಗ್ರಾಮೊಂದು ತಿಂಗಳುಗಟ್ಟಲೆ ತಕರಾರಿಲ್ಲದೆ ನಡೆದು, ಒಂದು ದಿನ ಒಬ್ಬರ ಹೆಸರಿನ ಬಾಲಕ್ಕೆ ಅವರ ಸದಸ್ಯ ಸಂಖ್ಯೆಯನ್ನೂ ಅಂಟಿಸಿ ಮುದ್ರಿಸಿತು. ಉಳಿದ ಹೆಸರುಗಳೆಲ್ಲ ಸರಿಯಾಗಿಯೇ ಇದ್ದವು.

ಒಬ್ಬ ಸದಸ್ಯರ ವಿವರಗಳನ್ನು ಒಟ್ಟಿಗೆ ಹಿಡಿದಿಡುವ ಸ್ಟ್ರಕ್ಚರಿನಲ್ಲಿ ಹೆಸರಿಗೆ 16 ಬೈಟುಗಳ ಅರೇ (ಸಾಲಾಗಿ ಜೋಡಿಸಿದ ಜಾಗಗಳು; ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು), ಅದರ ಬೆನ್ನಿಗೇ ಸಂಖ್ಯೆಗೆ 8 ಬೈಟುಗಳ ಇನ್ನೊಂದು ಅರೇ ಇತ್ತು. ಹೆಸರನ್ನು ನಕಲಿಸಲು ಸಿಯಲ್ಲಿ ಸಿದ್ಧವಾಗಿರುವ ಫಂಕ್ಷನ್ ‘ಸ್ಟ್ರ್‌ಎನ್‌ಕಾಪಿ’ ಬಳಸಿದ್ದೆ. ಎಷ್ಟು ಬೈಟು ಮೀರಬಾರದೆಂದು ಅದಕ್ಕೆ ಹೇಳಬಹುದಾದ್ದರಿಂದ ಅದು ಸುರಕ್ಷಿತವೆಂದೇ ನಂಬಿದ್ದೆ. ನಡೆಯುತ್ತಿರುವ ಪ್ರೋಗ್ರಾಮಿನೊಳಗೆ ಇಣುಕಲು ಬಿಡುವ ಡಿಬಗರ್‌ನಲ್ಲಿ ಬೈಟುಗಳನ್ನು ಒಂದೊಂದಾಗಿ ಎಣಿಸಿದಾಗ, ಇಂಗ್ಲಿಷ್ ಲಿಪಿಯಲ್ಲಿದ್ದ ಆ ಹೆಸರಿನಲ್ಲಿ ಸರಿಯಾಗಿ 16 ಅಕ್ಷರಗಳಿರುವುದೂ, ಸ್ಟ್ರಿಂಗ್ (ಸಿಯಲ್ಲಿ ಪಠ್ಯ) ಮುಗಿಯಿತೆಂದು ಸೂಚಿಸುವ ಸೊನ್ನೆಗೆ ಜಾಗವೇ ಉಳಿಯದಿರುವುದೂ ಕಂಡಿತು. ಮೂಲ ಪಠ್ಯ ಚಿಕ್ಕದಿದ್ದರೆ ಉಳಿದ ಜಾಗಕ್ಕೆಲ್ಲ ಸೊನ್ನೆ ತುಂಬುವ ಈ ಫಂಕ್ಷನ್, ಜಾಗ ಭರ್ತಿಯಾದರೆ ಒಂದು ಸೊನ್ನೆಯನ್ನೂ ಇಡುವುದಿಲ್ಲ. ಕಡತದ ಹೆಸರಿಗೆ 14 ಬೈಟುಗಳನ್ನಷ್ಟೇ ಕೊಡುತ್ತಿದ್ದ ಹಳೆಯ ಯುನಿಕ್ಸ್‌ನ ಡೈರೆಕ್ಟರಿಯಂಥ ನಿಗದಿತ ಅಳತೆಯ ಜಾಗಗಳಿಗೆ ಆ ನಡವಳಿಕೆ ಒಪ್ಪುತ್ತಿತ್ತು, ಸ್ಟ್ರಿಂಗ್‌ಗೆ ಒಪ್ಪುವುದಿಲ್ಲ. ಮುದ್ರಿಸುವ ಫಂಕ್ಷನ್ ‘ಪ್ರಿಂಟ್‌ಎಫ್’ಗೆ ಅರೇಯ ಗಡಿ ತಿಳಿಯದು. ಸೊನ್ನೆಯನ್ನು ಹುಡುಕುತ್ತಾ ಹೋದ ಅದಕ್ಕೆ ಅದು ಸಿಕ್ಕಿದ್ದು ಸದಸ್ಯ ಸಂಖ್ಯೆಯ ತುದಿಯಲ್ಲಿ.

ಸ್ಟ್ರ್‌ಎನ್‌ಕಾಪಿಯ ಬದಲು, ಕೊನೆಗೆ ಸೊನ್ನೆಯನ್ನು ತಪ್ಪದೆ ಇಡುವ ‘ಎಸ್‌ಎನ್‌ಪ್ರಿಂಟ್‌ಎಫ್’ ಹಾಕಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಆದರೆ ಅದೇ ಸಾಲು ಹಲವು ಕಡೆ ಬರುತ್ತದೆಂದು ಅದನ್ನೊಂದು ಫಂಕ್ಷನ್ನಿಗೆ ಸಾಗಿಸಿದೆ. ಅಲ್ಲಿಗೆ ತಲುಪಿದ್ದು ಅರೇ ಅಲ್ಲ, ಅದರ ಮೊದಲ ಬೈಟಿನ ವಿಳಾಸ ಮಾತ್ರ; ಹಾಗಾಗಿ ಅಳತೆ ಹೇಳುವ ‘ಸೈಜ್‌ಆಫ್’ ನನ್ನ 64 ಬಿಟ್ ಯಂತ್ರದಲ್ಲಿ 16ರ ಬದಲು ಪಾಯಿಂಟರಿನ, ಅಂದರೆ ಆ ವಿಳಾಸದ, ಅಳತೆಯಾದ 8 ಎಂದಿತು, ಮತ್ತು ಹೊಸದಾಗಿ ಸೇರಿಸಿದ ಉದ್ದನೆಯ ಹೆಸರುಗಳೆಲ್ಲ ಏಳೇ ಅಕ್ಷರಕ್ಕೆ ತುಂಡಾದವು. ಎಚ್ಚರಿಕೆಗಳನ್ನು ತೋರಿಸೆಂದು ಕೇಳದೆಯೇ ಕಂಪೈಲ್ ಮಾಡುವ ದುರಭ್ಯಾಸ ನನಗಿದ್ದುದರಿಂದ ಕಂಪೈಲರ್ ಚಕಾರವೆತ್ತಲಿಲ್ಲ. ಅಳತೆಯನ್ನು ಪ್ರತ್ಯೇಕವಾಗಿ ಕಳುಹಿಸುವಂತೆ ಬದಲಾಯಿಸಿದೆ.

ಆಗಲೂ ಆ 16 ಅಕ್ಷರದ ಹೆಸರು ಕೊನೆಯ ಅಕ್ಷರವನ್ನು ಕಳೆದುಕೊಂಡೇ ಬಂದಿತು, ಏಕೆಂದರೆ ಈಗ ಆ ಜಾಗ ಸೊನ್ನೆಯ ಪಾಲಾಗಿತ್ತು. ಹೆಸರಿನ ಅರೇಯನ್ನು 64 ಬೈಟಿಗೆ ಹಿಗ್ಗಿಸಿದೆನಾದರೂ, ಹಳೆಯ ಕಡತದಲ್ಲಿ ದಾಖಲೆಗಳು 24 ಬೈಟುಗಳ ಲೆಕ್ಕದಲ್ಲಿ ಕುಳಿತಿದ್ದವು. ಅವುಗಳನ್ನು ಓದಿ 72 ಬೈಟುಗಳ ದಾಖಲೆಗಳಾಗಿ ಬರೆಯಲು ಮತ್ತೊಂದು ಪ್ರೋಗ್ರಾಮ್ ಬೇಕಾಯಿತು. ಅದರಲ್ಲಿ ಹೆಸರಿನ 16 ಬೈಟುಗಳನ್ನು ಇದ್ದಂತೆಯೇ ನಕಲಿಸಿ, 17ನೆಯದರಲ್ಲಿ ಸೊನ್ನೆಯನ್ನು ನಾನೇ ಇಟ್ಟೆ. ನಾನು ಬೈದುಕೊಂಡಿದ್ದ ಸ್ಟ್ರ್‌ಎನ್‌ಕಾಪಿ ಆ ಕೊನೆಯ ಅಕ್ಷರವನ್ನು ಹಳೆಯ ಕಡತದಲ್ಲಿ ಅಳಿಯದಂತೆ ಉಳಿಸಿತ್ತು.