ಕೊತ್ತಂಬರಿ ಕಟ್ಟಿನ ಸ್ನಾನ

ದಾವಣಗೆರೆಯ ಏಪ್ರಿಲ್ ಬಿಸಿಲು ಗೊತ್ತಲ್ವಾ, ಸಂಜೆ ಆರಾದರೂ ಗೋಡೆ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ನಮ್ಮ ಮನೆಯ ಎರಡು ಲವ್ ಬರ್ಡ್ಸ್ ಅವತ್ತು ಕೊಕ್ಕು ತೆರೆದು, ರೆಕ್ಕೆಗಳನ್ನು ಮೈಗೆ ತಾಗಿಸದೆ ಕೂತಿದ್ದವು. ನೋಡಿ ಸಂಕಟವಾಯಿತು. ಹಸಿರು ಹಕ್ಕಿಯನ್ನು ಹಿಡಿದು ನಲ್ಲಿಯ ಕೆಳಗೆ ಒಡ್ಡಿದೆ. ಮಗುವಿಗೆ ಮೈ ತೊಳೆದ ಹಾಗೆ ತೊಳೆದೆ.

ಅರ್ಧ ನಿಮಿಷವೂ ಆಗಿರಲಿಲ್ಲ. ಪುಕ್ಕವೆಲ್ಲ ಮೈಗೆ ಅಂಟಿ ಹಕ್ಕಿ ಹೆಬ್ಬೆರಳಷ್ಟಾಯಿತು. "ಅಮ್ಮ, ಅದು ನಡುಗ್ತಿದೆ" ಅಂತ ಮಗಳು ಅಳತೊಡಗಿದಳು. ಫ್ಯಾನ್ ಆರಿಸಿ, ಹತ್ತಿ ಟವೆಲ್‌ನಲ್ಲಿ ನೀರು ಒತ್ತಿ ತೆಗೆದು, ಬಲ್ಬಿನ ಹತ್ತಿರ ಇಟ್ಟು ಕಾದೆವು. ಎಂಟು ಗಂಟೆಗೆ ಅದು ಕೋಲಿನ ಮೇಲೆ ಹತ್ತಿ ಕೂತಿತು. ಅಲ್ಲಿಯವರೆಗೆ ನನಗೆ ಊಟ ನೆನಪಾಗಲಿಲ್ಲ.

ಪರಿಚಯದ ಪಶುವೈದ್ಯರಿಗೆ ಫೋನ್ ಮಾಡಿದೆ. ಹಕ್ಕಿಗಳಿಗೆ ನಮ್ಮ ಹಾಗೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಟಕ್ಕೆ ನೆರವಾಗುವ ಸ್ನಾಯು, ಇಲ್ಲವಂತೆ. ಎದೆ ಹಿಗ್ಗಿ ಕುಗ್ಗಿದರೇ ಉಸಿರು. ಮುಷ್ಟಿಯಲ್ಲಿ ಬಿಗಿ ಹಿಡಿದರೆ ಉಸಿರೇ ಕಟ್ಟುತ್ತದೆ. ಸ್ನಾನವೇನಿದ್ದರೂ ಮಧ್ಯಾಹ್ನದೊಳಗೆ, ಕತ್ತಲಾಗುವ ಮುಂಚೆ ಪುಕ್ಕ ಒಣಗಿರಬೇಕು. ಸೋಪು, ಶಾಂಪೂ ಸೋಕಿಸಲೇಬಾರದು.

ನಿದ್ದೆ ಬರಲಿಲ್ಲ. ಬೆಳಗ್ಗೆ ಬೇಗ ತಾರಸಿಗೆ ಹೋದೆ. ಅಲ್ಲಿ ಹಕ್ಕಿಗಳಿಗೆಂದೇ ಒಂದು ಮಣ್ಣಿನ ತಟ್ಟೆ ಇಟ್ಟಿದ್ದೇನೆ. ಎರಡು ಬೆರಳು ಆಳದ ನೀರು, ಕಾಲಿಗೆ ಹಿಡಿತ ಸಿಗಲಿ ಅಂತ ನಡುವೆ ಒಂದು ಕಲ್ಲು. ದಿನಾ ತಿಕ್ಕಿ ನೀರು ಬದಲಾಯಿಸುತ್ತೇನೆ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಅಂಚಿಗೆ ಅಂಟಿಕೊಂಡಿರುತ್ತದೆ. ಆದರೆ ಅಲ್ಲಿ ನಡೆಯುವುದನ್ನು ಕೂತು ನೋಡಿದ್ದು ಅವತ್ತೇ.

ಮೊದಲು ಬಂದದ್ದು ಪಿಕಳಾರ. ಅಂಚಿನಲ್ಲಿ ಕೂತು ನಾಲ್ಕೂ ದಿಕ್ಕು ನೋಡಿತು. ನೀರಿಗಿಳಿದು ಎದೆ ಅದ್ದಿತು, ಮೇಲೆದ್ದಿತು, ಮತ್ತೆ ನೋಡಿತು. ಆಮೇಲಷ್ಟೇ ರೆಕ್ಕೆ ಪಟಪಟ ಬಡಿದು ಬೆನ್ನಿಗೆ ನೀರು ಎರಚಿಕೊಂಡಿತು. ನೆನೆದ ಹಕ್ಕಿಗೆ ಚೆನ್ನಾಗಿ ಹಾರಲಾಗದು, ಬೆಕ್ಕು ಬಂದರೆ ಕಷ್ಟ. ಅದಕ್ಕೇ ಅಷ್ಟು ಎಚ್ಚರ. ಪಕ್ಕದ ನುಗ್ಗೆ ಕೊಂಬೆಗೆ ಹಾರಿ ಮೈ ಕೊಡವಿ, ಬಾಲದ ಬುಡದ ಎಣ್ಣೆ ಗ್ರಂಥಿಗೆ ಕೊಕ್ಕು ಒತ್ತಿ, ಒಂದೊಂದೇ ಗರಿಯನ್ನು ಕೊಕ್ಕಿನಲ್ಲಿ ಎಳೆದು ತೀಡಿತು. ಗರಿಯ ಎಳೆಗಳಿಗೆ ಸಣ್ಣ ಕೊಕ್ಕೆಗಳಿರುತ್ತವೆ. ಬಿಚ್ಚಿದ್ದನ್ನು ಹೀಗೆ ತೀಡಿಯೇ ಕೂಡಿಸಬೇಕು. ನೀರಿನಲ್ಲಿದ್ದದ್ದು ಒಂದು ನಿಮಿಷ, ತೀಡಿಕೊಂಡದ್ದು ಕಾಲು ಗಂಟೆ!

ಗೊರವಂಕಗಳು ನಾಲ್ಕು ಒಟ್ಟಿಗೆ ಇಳಿದು ಅರ್ಧ ನೀರು ಖಾಲಿ ಮಾಡಿದವು. ಗುಬ್ಬಿಗಳು ಖಾಲಿ ಕುಂಡದ ಒಣ ಮಣ್ಣಿನಲ್ಲಿ ಗುಂಡಿ ಮಾಡಿ ಹೊರಳುತ್ತಿದ್ದವು. ಅವ್ವ ಹಿಂದೆ ಬಂದು ನಿಂತಿದ್ದಳು. "ಕೋಳಿ ಮಣ್ಣಾಗೆ ಹೊರಳಾಡೋದು ನೋಡಿಲ್ಲೇನು? ಅದ್ರ ಜಳಕ ಅದೇ" ಅಂದಳು. ಹೆಚ್ಚಿನ ಎಣ್ಣೆ, ಹೇನು ಎಲ್ಲ ಆ ಧೂಳಿನ ಜೊತೆ ಉದುರುತ್ತವಂತೆ.

ಕರಿಬೇವಿಗೆ ಆಗಷ್ಟೇ ನೀರು ಚಿಮುಕಿಸಿದ್ದೆ. ಒಂದು ಸೂರಕ್ಕಿ ಬಂದು ಒದ್ದೆ ಎಲೆಗಳ ಮೇಲೆ ಜಾರಿ ಜಾರಿ ಮೈ ಉಜ್ಜಿಕೊಂಡಿತು. ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಅದನ್ನು ನೋಡುತ್ತಲೇ ನನಗೆ ಕೆಳಗಿನ ಪಂಜರ ನೆನಪಾಯಿತು. ಅಂಗಡಿಯವರು ಲವ್ ಬರ್ಡ್ಸ್ ಅಂದರೂ ನಮ್ಮವು ಬಜ್ರಿಗರ್, ಆಸ್ಟ್ರೇಲಿಯಾದ ಒಣ ಬಯಲಿನ ಹಕ್ಕಿ. ಅಲ್ಲಿ ಅವು ಇಬ್ಬನಿ ಬಿದ್ದ ಹುಲ್ಲಿನಲ್ಲಿ ಮೈ ಒರೆಸಿಕೊಳ್ಳುತ್ತವೆ.

ಕೊತ್ತಂಬರಿ ಸೊಪ್ಪಿನ ಕಟ್ಟನ್ನು ಚೆನ್ನಾಗಿ ತೊಳೆದೆ. ನೀರು ಕೊಡವದೆ ಪಂಜರದೊಳಗೆ ತೂಗುಹಾಕಿ, ನಾನೂ ಮಗಳೂ ಬಾಗಿಲ ಹತ್ತಿರ ಹೋಗಿ ಕೂತೆವು. ಹಸಿರು ಹಕ್ಕಿ ನನ್ನ ಕೈ ಕಂಡು ಮೂಲೆಗೆ ಸರಿದಿತ್ತು. ಅದು ನೋಡಿ ಎದೆ ಹಿಂಡಿತು. ನೀಲಿಯದು ಮೊದಲು ಬಂದು ಒಂದೆಲೆ ಕಚ್ಚಿತು, ತಲೆ ತೂರಿಸಿತು, ಬೆನ್ನು ಉಜ್ಜಿತು. ಹತ್ತು ನಿಮಿಷದ ಮೇಲೆ ಹಸಿರಿನದೂ ಮೆಲ್ಲಗೆ ಸರಿದು ಬಂತು. ಕೆನ್ನೆಯನ್ನು ಒದ್ದೆ ಸೊಪ್ಪಿಗೆ ತಾಗಿಸಿತು. ಆಮೇಲೆ ರೆಕ್ಕೆ ಬಿಚ್ಚಿತು.

"ಅಮ್ಮ, ಮಾತಾಡಬೇಡ" ಅಂದಳು ಮಗಳು.