ಎಂಟು ಕಿಲೋ ಜಾಸ್ತಿ

ಹೋದ ತಿಂಗಳು ದೋಣಿ ಮಾರಿಬಿಟ್ಟೆ. ಒಂಬತ್ತು ವರ್ಷ ನನ್ನ ಹತ್ತಿರ ಇತ್ತು. ಕೊಳ್ಳಲು ಬಂದವರು ಜೊತೆಯಲ್ಲಿ ಒಂದು ತೂಕದ ಮೆಷಿನ್ ತಂದಿದ್ದರು. ಹತ್ತಿ ನಿಂತು ನಮ್ಮ ತೂಕ ನೋಡಿಕೊಳ್ಳುತ್ತೇವಲ್ಲ, ಅದೇ ಚಪ್ಪಟೆ ಮೆಷಿನ್. ಇದು ಯಾಕೆ ಅಂತ ಆಗ ನನಗೆ ಹೊಳೆಯಲಿಲ್ಲ.

ದೋಣಿ ಯಾವುದು ಅಂತ ಮೊದಲು ಹೇಳುತ್ತೇನೆ. ಮಿರರ್ ಅನ್ನುವ ಜಾತಿಯ ಹಾಯಿದೋಣಿ. ಉದ್ದ 3.3 ಮೀಟರ್, ಅಷ್ಟೆ. ಮೂಗು ಚೂಪಾಗಿಲ್ಲ. ಯಾರೋ ಗರಗಸದಲ್ಲಿ ಕೊಯ್ದು ಬಿಟ್ಟ ಹಾಗೆ ಚಪ್ಪಟೆ. ಹಾಯಿ ಕೆಂಪು. 1960ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಜಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್‌ನೆಲ್ ಸೇರಿ ಇದನ್ನು ರೂಪಿಸಿದರು. ಹೋಲ್ಟ್ ದೋಣಿಗಳ ವಿನ್ಯಾಸ ಮಾಡುತ್ತಿದ್ದವರು. ಬಕ್‌ನೆಲ್ ಟಿವಿಯಲ್ಲಿ ಮನೆ ರಿಪೇರಿ ಹೇಳಿಕೊಡುತ್ತಿದ್ದವರು. ಡೈಲಿ ಮಿರರ್ ಪತ್ರಿಕೆ ಇದರ ಬೆನ್ನಿಗೆ ನಿಂತಿತ್ತು. ಹೆಸರೂ ಹಾಯಿಯ ಕೆಂಪು ಬಣ್ಣವೂ ಅಲ್ಲಿಂದಲೇ ಬಂದದ್ದು.

ಪ್ಲೈವುಡ್ ತುಂಡುಗಳ ಕಿಟ್ ತಂದು ಯಾರು ಬೇಕಾದರೂ ಕಟ್ಟಿಕೊಳ್ಳಲಿ ಅನ್ನುವುದು ಅವರ ಲೆಕ್ಕ. ಹಲಗೆಗಳ ಅಂಚಿಗೆ ಸಣ್ಣ ತೂತು ಹಾಕಬೇಕು. ತಾಮ್ರದ ತಂತಿಯಲ್ಲಿ ಒಂದಕ್ಕೊಂದು ಹೊಲಿಯಬೇಕು. ಹೊಲಿಗೆಯ ಮೇಲೆ ಗ್ಲಾಸ್ ಫೈಬರ್ ಟೇಪು ಇಟ್ಟು ರೆಸಿನ್ ಮೆತ್ತಬೇಕು. ಬಟ್ಟೆ ಹೊಲಿದ ಹಾಗೆ ದೋಣಿ ಹೊಲಿಯುವುದು! ಹೀಗೆ 70,000ಕ್ಕೂ ಹೆಚ್ಚು ಮಿರರ್‌ಗಳು ಆಗಿವೆ. ಹಾಯಿಕಂಬದಲ್ಲೂ ಒಂದು ಜಾಣತನ ಇದೆ. ಕಂಬ ಗಿಡ್ಡ. ಹಾಯಿಯ ಮೇಲುಭಾಗವನ್ನು ಇನ್ನೊಂದು ಕೋಲಿಗೆ ಕಟ್ಟಿ, ಆ ಕೋಲನ್ನು ಹಗ್ಗದಲ್ಲಿ ಮೇಲೆಳೆದು ನಿಲ್ಲಿಸುತ್ತಾರೆ. ಇಳಿಸಿದರೆ ಕಂಬ, ಕೋಲು ಎಲ್ಲವೂ ದೋಣಿಯ ಉದ್ದದೊಳಗೇ ಹಿಡಿಸುತ್ತವೆ.

ನಾನು ಇದನ್ನು ಕಟ್ಟಿದವನಲ್ಲ. ಹಳೆಯದನ್ನು ಕೊಂಡವನು. ಮಾರಿದವರು "ಸ್ವಲ್ಪ ಬಣ್ಣ ಹೊಡೆದರೆ ಸಾಕು" ಅಂದರು. ಹಳೇ ದೋಣಿ ಕೊಳ್ಳುವವರು ಈ ಮಾತು ಕೇಳಿದ ಕೂಡಲೇ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆಯಬೇಕು. ನಾನು ತೆಗೆದದ್ದು ಪರ್ಸು.

ಮೊದಲ ದಿನ ಮಗಳನ್ನು ಕೂರಿಸಿಕೊಂಡು ಹೊರಟೆ. ಅವಳಿಗೆ ಆಗ ಹತ್ತು ವರ್ಷ. ಒಳ್ಳೆ ಗಾಳಿ. ಅರ್ಧ ಗಂಟೆ ಆದ ಮೇಲೆ ಚುಕ್ಕಾಣಿ ಯಾಕೋ ಭಾರ ಅನ್ನಿಸಿತು. ಅವಳು ಮುಂದೆ ಕೂತಿದ್ದವಳು ತಿರುಗಿ, "ಅಪ್ಪಾ, ನಾವು ಮೇಲೆ ಹತ್ತುತಾ ಇದೀವಾ?" ಅಂದಳು. ಮೂಗು ಆಕಾಶ ನೋಡುತ್ತಿತ್ತು. ಹಿಂಭಾಗ ನೀರಿನ ಮಟ್ಟಕ್ಕೆ ಬಂದಿತ್ತು. ಈ ದೋಣಿಯಲ್ಲಿ ಮುಂದೆ, ಹಿಂದೆ, ಪಕ್ಕದಲ್ಲಿ ಗಾಳಿ ತುಂಬಿದ ಟ್ಯಾಂಕುಗಳಿವೆ. ಮಗುಚಿದರೂ ಮುಳುಗದೆ ತೇಲುವುದು ಅವುಗಳಿಂದಲೇ. ಒಳಗೆ ಸೇರಿದ ನೀರು ಬಸಿಯಲು ತೂತು, ಆ ತೂತಿಗೆ ಒಂದು ಬಿರಡೆ. ಹಿಂದಿನ ಟ್ಯಾಂಕಿನ ಬಿರಡೆ ಎಲ್ಲಿತ್ತು ಗೊತ್ತಾ? ಕಳೆದುಹೋಗದಿರಲಿ ಅಂತ ನನ್ನ ಶರ್ಟಿನ ಜೇಬಿನಲ್ಲಿ ಭದ್ರವಾಗಿತ್ತು.

ಅವತ್ತು ರಾತ್ರಿಯೇ ಒಂದು ನೋಟ್‌ಬುಕ್ ಶುರು ಮಾಡಿದೆ. ಎಡಗಡೆ ಪುಟದಲ್ಲಿ ಹಾಯಿ ಏರಿಸಿದ ದಿನಗಳು, ಬಲಗಡೆ ಪುಟದಲ್ಲಿ ರಿಪೇರಿ ದಿನಗಳು. ಬಲಗಡೆಯ ಮೊದಲ ಸಾಲು: "ಎಲ್ಲ ಬಿರಡೆಗೂ ದಾರ ಕಟ್ಟು."

ಮೊದಲ ನಾಲ್ಕು ವರ್ಷ ಎಡಗಡೆಯೇ ತುಂಬಿತು. ಮೂರನೇ ವರ್ಷ 27 ದಿನ ನೀರಿಗಿಳಿದಿದ್ದೇವೆ, ರಿಪೇರಿ ಬರೀ 6 ದಿನ. ಅವೂ ಚಿಲ್ಲರೆ ಕೆಲಸಗಳೇ. ರಾಟೆಯ ಮೇಲೆ ಉಜ್ಜಿ ಉಜ್ಜಿ ಸವೆದ ಹಗ್ಗವನ್ನು ತಿರುಗಿಸಿ ಆ ತುದಿ ಈ ಕಡೆ ಮಾಡುವುದು, ಕಂಬ ಹಿಡಿದಿರುವ ಸ್ಟೀಲ್ ತಂತಿಯಲ್ಲಿ ಒಂದೆಳೆ ಕಿತ್ತು ಬೆರಳಿಗೆ ಚುಚ್ಚಿದ್ದಕ್ಕೆ ಆ ತಂತಿಯನ್ನೇ ಬದಲಾಯಿಸುವುದು, ಇಂಥವು. ಹಾಯಿಯನ್ನು ಮಡಚುವುದು ಬಿಟ್ಟು ಸುತ್ತಿಡಲು ಕಲಿತೆ. ಮಡಚಿದ ಗೆರೆಯಲ್ಲೇ ಬಟ್ಟೆ ಬೇಗ ಸೋಲುತ್ತದೆ. ಗಾಳಿಯಲ್ಲಿ ಪಟಪಟ ಬಡಿಯಲು ಬಿಟ್ಟರೆ ಇನ್ನೂ ಬೇಗ. ಎಲ್ಲಕ್ಕಿಂತ ಜಾಸ್ತಿ ತಿನ್ನುವುದು ಬಿಸಿಲು.

ಟ್ರೇಲರ್ ಬಗ್ಗೆ ಒಂದೇ ಮಾತು. ದೂರ ಎಳೆದುಕೊಂಡು ಬಂದ ಕೂಡಲೇ ನೀರಿಗೆ ಇಳಿಸಬೇಡಿ. ಚಕ್ರದ ಬೇರಿಂಗ್ ಕಾದಿರುತ್ತದೆ. ತಣ್ಣೀರು ಮುಟ್ಟಿದ ತಕ್ಷಣ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಅರ್ಧ ಗಂಟೆ ಕೂತು ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಿ. ಅದೂ ಕೆಲಸವೇ.

ಐದನೇ ವರ್ಷ ಮಗಳಿಗೆ ಓದು ಜಾಸ್ತಿಯಾಯಿತು. ನನಗೂ ಆಫೀಸಿನ ತಿರುಗಾಟ. ದೋಣಿಗೆ ಟಾರ್ಪಾಲ್ ಹೊದಿಸಿ ಬಿಗಿಯಾಗಿ ಕಟ್ಟಿ ಬಿಟ್ಟೆ. ಬಿಗಿಯಾಗಿ ಕಟ್ಟಿದೆ ಅಂತ ನನಗೇ ಹೆಮ್ಮೆ. ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದರೆ ಟಾರ್ಪಾಲ್ ನಡುವೆ ಜೋತು ಒಂದು ಪುಟ್ಟ ಕೊಳ ಆಗಿತ್ತು. ಅದರ ಅಡಿಯಲ್ಲಿ ಬೆರಳಗಲ ಹರಿದಿತ್ತು. ದೋಣಿಯೊಳಗೆ ಎಷ್ಟು ದಿನದಿಂದ ನೀರು ನಿಂತಿತ್ತೋ. ನಾನು ಟ್ಯಾಂಕುಗಳ ಮುಚ್ಚಳವನ್ನೂ ಬಿರಡೆಯನ್ನೂ ಹಾಕಿಟ್ಟಿದ್ದೆ, ಹುಳ ಹೋಗದಿರಲಿ ಅಂತ. ತೆಗೆದಾಗ ಹಳೇ ಬಾವಿಯ ವಾಸನೆ.

ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟುತ್ತಾ ಬಂದೆ. ಗಟ್ಟಿ ಮರ ಟಕ್ ಟಕ್ ಅನ್ನುತ್ತದೆ. ಹಿಂದಿನ ಮೂಲೆಗೆ ಬಂದಾಗ ದಬ್ ಅಂದಿತು. ತುದಿಯಿಂದ ಒತ್ತಿದೆ. ಒದ್ದೆ ರಟ್ಟಿಗೆ ಹೋದ ಹಾಗೆ ಒಳಗೆ ಹೋಯಿತು. ಕುಂಬು ಹಿಡಿದಿತ್ತು.

ಆಗ ಕೂತು ಓದಿದೆ. ಮರವನ್ನು ಕುಂಬಾಗಿಸುವುದು ಶಿಲೀಂಧ್ರ, ಅಂದರೆ ಬೂಷ್ಟಿನ ಬಳಗ. ಅದಕ್ಕೆ ತೇವ ಬೇಕು, ಗಾಳಿಯೂ ಬೇಕು. ಪೂರ್ತಿ ನೀರಿನಲ್ಲಿ ಮುಳುಗಿದ ಮರ ಅಷ್ಟು ಸುಲಭಕ್ಕೆ ಕುಂಬಾಗುವುದಿಲ್ಲ. ಉಪ್ಪುನೀರು ಕೂಡ ಈ ಬೂಷ್ಟಿಗೆ ಆಗಿಬರುವುದಿಲ್ಲ. ಮಳೆಯ ಸಿಹಿನೀರು ಮೂಲೆಯಲ್ಲಿ ನಿಂತು, ಪ್ಲೈವುಡ್ಡಿನ ಕೊಯ್ದ ಅಂಚಿನಿಂದ ನಿಧಾನಕ್ಕೆ ಒಳಗೆ ಇಳಿದರೆ ಮುಗಿಯಿತು. ನಾಲ್ಕು ವರ್ಷ ಅಲೆಗೆ ಒಡ್ಡಿದಾಗ ಏನೂ ಆಗದ ದೋಣಿ, ಜೋಪಾನವಾಗಿ ಮುಚ್ಚಿಟ್ಟ ಒಂದೇ ಮಳೆಗಾಲದಲ್ಲಿ ಕೆಟ್ಟಿತು. ನೀರಿಗೆ ಇಳಿಸುತ್ತಿದ್ದಾಗ ವಾರಕ್ಕೊಮ್ಮೆ ಮುಚ್ಚಳ ತೆಗೆಯುತ್ತಿದ್ದೆ, ಒರೆಸುತ್ತಿದ್ದೆ, ಗಾಳಿಗೆ ಬಿಡುತ್ತಿದ್ದೆ. ನಿಲ್ಲಿಸಿಟ್ಟ ದೋಣಿಯನ್ನು ಯಾರು ನೋಡುತ್ತಾರೆ?

ಆ ಮೂಲೆಯ ಕೆಲಸಕ್ಕೆ ಎರಡು ತಿಂಗಳ ಭಾನುವಾರಗಳು ಹೋದವು. ಕುಂಬಾದ ಭಾಗವನ್ನೆಲ್ಲ ಉಳಿಯಿಂದ ತೆಗೆದು, ಗಟ್ಟಿ ಮರ ಸಿಗುವವರೆಗೆ ಹೋಗಬೇಕು. ಅಂಗೈಯಷ್ಟು ಇರಬಹುದು ಅಂದುಕೊಂಡಿದ್ದೆ. ಮೊಣಕೈ ಉದ್ದ ಆಯಿತು. ಹೊಸ ತುಂಡು ಕೂರಿಸುವಾಗ ಅಂಚಿಗೆ ಅಂಚು ಹಚ್ಚಿದರೆ ನಿಲ್ಲುವುದಿಲ್ಲ. ಎರಡೂ ಕಡೆ ಇಳಿಜಾರಾಗಿ ಹೆರೆದು, ಒಂದರ ಮೇಲೊಂದು ಮಲಗಿಸಿ ಅಂಟಿಸಬೇಕು. ಆ ಇಳಿಜಾರು ಹಲಗೆಯ ದಪ್ಪದ ಎಂಟು ಪಟ್ಟಾದರೂ ಉದ್ದ ಇರಬೇಕು. ಮೊದಲ ಸಲ ಅವಸರಕ್ಕೆ ನಾಲ್ಕು ಪಟ್ಟು ಮಾಡಿದೆ. ಬಗ್ಗಿಸಿ ನೋಡಿದರೆ ಚಟ್ ಅಂತ ಬಿಟ್ಟುಕೊಂಡಿತು.

ಅಂಟಿಸಲು ಬಳಸುವ ಎಪಾಕ್ಸಿ ಅನ್ನುವ ಅಂಟಿನ ಪಾಠ ಬೇರೆ. ಎರಡು ಡಬ್ಬಿಯಲ್ಲಿ ಬರುತ್ತದೆ, ಹೇಳಿದ ಅಳತೆಯಲ್ಲೇ ಬೆರೆಸಬೇಕು. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಜಾಸ್ತಿ ಸುರಿದರೆ ಬೇಗ ಆಗುವುದಿಲ್ಲ, ಕೊನೆಗೂ ಮೆತ್ತಗೇ ಉಳಿಯುತ್ತದೆ. ನಾನು ಅಳತೆ ಸರಿ ಮಾಡಿದೆ, ಆದರೆ ಒಂದೇ ಸಲಕ್ಕೆ ಲೋಟದ ತುಂಬ ಬೆರೆಸಿ ಬ್ರಷ್ ಹುಡುಕಲು ಹೋದೆ. ಬೆರೆತ ಎಪಾಕ್ಸಿ ತಾನಾಗಿಯೇ ಬಿಸಿಯಾಗುತ್ತದೆ. ಒಂದೇ ಕಡೆ ರಾಶಿ ಇದ್ದರೆ ಆ ಶಾಖ ಹೋಗಲು ಜಾಗವಿಲ್ಲ. ವಾಪಸ್ ಬಂದಾಗ ಲೋಟದಿಂದ ಹೊಗೆ ಏಳುತ್ತಿತ್ತು, ಲೋಟವೇ ಸೊಟ್ಟಗಾಗಿತ್ತು. ಆಮೇಲಿಂದ ಅಗಲ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸಿದೆ. ಇನ್ನೊಂದು ವಿಷಯ. ಒಣಗಿದ ಮೇಲೆ ಕೆಲವು ಎಪಾಕ್ಸಿಗಳ ಮೈ ಮೇಲೆ ಮೇಣದಂಥ ಜಿಡ್ಡು ಬರುತ್ತದೆ. ಅದನ್ನು ಬರೀ ನೀರಲ್ಲಿ ತೊಳೆದರೆ ಹೋಗುತ್ತದೆ. ತೊಳೆಯದೆ ಸ್ಯಾಂಡ್ ಪೇಪರ್ ಹಿಡಿದರೆ ಜಿಡ್ಡೆಲ್ಲ ಒಳಗೆ ಉಜ್ಜಿಕೊಂಡು ಮುಂದಿನ ಬಣ್ಣ ಹಿಡಿಯುವುದಿಲ್ಲ. ಇದನ್ನು ಹೇಗೆ ಕಲಿತೆ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಆ ವರ್ಷದಿಂದ ಪುಸ್ತಕ ಮಗುಚಿಕೊಂಡಿತು. ಬಲಗಡೆ ಪುಟ ತುಂಬುತ್ತಿತ್ತು, ಎಡಗಡೆ ಖಾಲಿ. ಏಳನೇ ವರ್ಷದ್ದು ಹೇಳುತ್ತೇನೆ: ನೀರಿನಲ್ಲಿ 4 ದಿನ, ರಿಪೇರಿ 31 ದಿನ. ಬೇಕಿತ್ತೋ ಇಲ್ಲವೋ ಉಜ್ಜುತ್ತಿದ್ದೆ, ಬಣ್ಣ ಹೊಡೆಯುತ್ತಿದ್ದೆ. ಎರಡು ಕೋಟು ಸಾಕಾಗಿದ್ದ ಕಡೆ ನಾಲ್ಕು. ನೀರಿಗೆ ಕರೆದುಕೊಂಡು ಹೋಗದ್ದಕ್ಕೆ ದೋಣಿಗೆ ಕೊಡುತ್ತಿದ್ದ ಸಮಾಧಾನ ಅನ್ನಿ. ಮಗಳು ಬೇರೆ ಊರಿಗೆ ಓದಲು ಹೋದಳು. ಒಬ್ಬನೇ ಹೊರಟರೆ ಮಂಡಿ ಕೇಳುತ್ತಿರಲಿಲ್ಲ. ಚಿಕ್ಕ ದೋಣಿಯಲ್ಲಿ ಗಾಳಿ ತಿರುಗಿದಾಗಲೆಲ್ಲ ಕುಕ್ಕರಗಾಲಲ್ಲಿ ಈ ಪಕ್ಕದಿಂದ ಆ ಪಕ್ಕಕ್ಕೆ ಜಿಗಿಯಬೇಕು. ಒಂಬತ್ತನೇ ವರ್ಷ ಎಡಗಡೆ ಪುಟದಲ್ಲಿ ಒಂದೇ ಸಾಲು ಇತ್ತು. ಅದೂ "ಗಾಳಿ ಇಲ್ಲ, ಹುಟ್ಟು ಹಾಕಿ ವಾಪಸ್" ಅಂತ.

ಮಾರುವುದು ಅಂತ ತೀರ್ಮಾನಿಸಿದ ದಿನ ದೋಷಗಳ ಪಟ್ಟಿ ಬರೆದೆ. ಹಿಂದಿನ ಮೂಲೆಯ ತೇಪೆ. ಒಂದು ಹೊಲಿಗೆಯ ಮೇಲೆ ಹಳೇ ಟೇಪು ಎದ್ದಿರುವುದು. ಹಾಯಿಯ ಮೇಲಿನ ಮೂಲೆ ಬಿಸಿಲಿಗೆ ಜಾಳಾಗಿರುವುದು. ಫೋಟೋ ತೆಗೆಯುವಾಗಲೂ ತೇಪೆಯದ್ದನ್ನೇ ಮೊದಲು ಹಾಕಿದೆ. ಹೆಂಡತಿ ನೋಡಿ, "ಇದು ಮಾರೋಕಾ, ಬೇಡ ಅನ್ನಿಸೋಕಾ?" ಅಂದಳು. ನನಗೆ ಮಾರಿದವರ ಮಾತು ನೆನಪಿತ್ತು, ಅದಕ್ಕೇ.

ಮೊದಲು ಬಂದವರು ಬಣ್ಣ ನೋಡಿ ಖುಷಿಯಾದರು, ಹಾಯಿ ಏರಿಸುವುದಕ್ಕೆ ಎಷ್ಟು ಹೊತ್ತು ಅಂತ ಕೇಳಿದರು. ಮುಕ್ಕಾಲು ಗಂಟೆ ಅಂದೆ. ಆಮೇಲೆ ಫೋನ್ ಮಾಡಲಿಲ್ಲ. ಎರಡನೆಯವರು ಪಟ್ಟಿ ಹಿಡಿದು ಒಂದೊಂದು ಸಾಲಿಗೂ ಬೆಲೆ ಇಳಿಸಲು ಶುರು ಮಾಡಿದರು. ಸತ್ಯ ಬರೆದದ್ದಕ್ಕೆ ದಂಡ ಕಟ್ಟಿದ ಹಾಗಾಯಿತು. ಕೊಡಲಿಲ್ಲ.

ಮೂರನೆಯವರೇ ತೂಕದ ಮೆಷಿನ್ ತಂದವರು. ಮೂವತ್ತರ ಆಸುಪಾಸಿನ ವಯಸ್ಸು. ಬಂದವರೇ ಟ್ರೇಲರ್ ಕೆಳಗೆ ಅಂಗಾತ ಮಲಗಿ, ಟಾರ್ಚ್ ಹಿಡಿದು, ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಲು ಶುರು ಮಾಡಿದರು. ಟಕ್ ಟಕ್ ಟಕ್. ನಾನು ಹತ್ತಿರ ನಿಂತು ಕಿವಿಗೊಟ್ಟು ಕೇಳುತ್ತಿದ್ದೆ, ರಿಸಲ್ಟಿಗೆ ಕಾಯುವ ಹಾಗೆ. ತೇಪೆಯ ಹತ್ತಿರ ಬಂದಾಗಲೂ ಟಕ್ ಅಂದಿತು. ಉಸಿರು ಬಿಟ್ಟೆ.

ಆಮೇಲೆ, "ಸರ್, ಸ್ವಲ್ಪ ಎತ್ತಿ ಹಿಡೀತೀರಾ?" ಅಂದರು. ದೋಣಿಯೊಳಗಿನ ಸಾಮಾನೆಲ್ಲ ತೆಗೆದು, ಮೂಗಿನ ಕಡೆಯನ್ನು ಮೆಷಿನ್ ಮೇಲೆ ಇಟ್ಟು ಓದಿದರು. 26. ಆಮೇಲೆ ಹಿಂದಿನ ಕಡೆ. 27.5. ಕೂಡಿಸಿದರೆ 53.5 ಕಿಲೋ. ಮಿರರ್‌ನ ಬರಿಯ ಒಡಲು 45.5 ಕಿಲೋ ಇದ್ದರೆ ಸಾಕು ಅನ್ನುತ್ತದೆ ಅದರ ನಿಯಮ. ಎಂಟು ಕಿಲೋ ಜಾಸ್ತಿ.

"ಹಳೇ ಪ್ಲೈವುಡ್ ನೀರು ಕುಡಿದಿರುತ್ತೆ ಸರ್. ಆಮೇಲೆ ಬಣ್ಣ," ಅಂದರು. ಬೈದ ಹಾಗಿರಲಿಲ್ಲ. ಆದರೂ ಆ ನಾಲ್ಕು ಕೋಟಿನ ಭಾನುವಾರಗಳೆಲ್ಲ ಮೆಷಿನ್ ಮೇಲೆ ಬಂದು ಕೂತ ಹಾಗಾಯಿತು. ಬೆಲೆ ನಾನೇ ಇಳಿಸಿದೆ, ಅವರು ಕೇಳುವ ಮೊದಲೇ.

ನೋಟ್‌ಬುಕ್ಕನ್ನೂ ಕೊಟ್ಟೆ. ದಾರ ಕಟ್ಟಿದ ಬಿರಡೆಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದೆ. ಕಥೆ ಹೇಳಿದೆ, ಜೇಬಿನದ್ದು ಸೇರಿಸಿ.

ಹೋದ ವಾರ ಅವರಿಂದ ಮೆಸೇಜ್ ಬಂತು. ದೋಣಿಯನ್ನು ನೆರಳಿನಲ್ಲಿ ಬೋರಲು ಹಾಕಿ, ಟ್ಯಾಂಕುಗಳನ್ನೆಲ್ಲ ತೆರೆದಿಟ್ಟು ಒಣಗಿಸುತ್ತಿದ್ದಾರಂತೆ. "ಈಗ 51.5, ಸರ್. ಎರಡು ಕಿಲೋ ಇಳೀತು. ಇನ್ನು ಬಣ್ಣ ಕೆರೀತೀನಿ."

ಮೇಲಿನ ಕೋಟಿಗೆ ಒರಟು ಸ್ಯಾಂಡ್ ಪೇಪರೇ ಬೇಕು, ತುಂಬ ಗಟ್ಟಿಯಾಗಿ ಕೂತಿದೆ ಅಂತ ಉತ್ತರ ಬರೆದೆ.