ಇಳಕಲ್ ಸೀರೆ ಅಂಗಡಿ: ನೋಂದಣಿ ಕೆಲಸ ಎಲ್ಲಿಗೆ ಬಂತು

ಸರಕು ಮೂರು ಬಗೆ: ಕೈಮಗ್ಗದ ಇಳಕಲ್ ಸೀರೆ, ಒಂದಿಷ್ಟು ಪವರ್‌ಲೂಮ್ ಸೀರೆ, ಗುಳೇದಗುಡ್ಡ ಖಣದಲ್ಲಿ ಹೊಲಿದ ಕುಪ್ಪಸ. ಅಂಗಡಿ ಇಳಕಲ್ ಪೇಟೆಯಲ್ಲಿ. ಗಿರಾಕಿಗಳಲ್ಲಿ ಸೊಲ್ಲಾಪುರ, ಕೊಲ್ಹಾಪುರ ಕಡೆಯವರೇ ಹೆಚ್ಚು. ತೆರಿಗೆಯ ದಾರಿ ಯಾವುದು ಅನ್ನುವುದು ಅಲ್ಲಿಗೇ ಮುಕ್ಕಾಲು ಪಾಲು ತೀರ್ಮಾನವಾದಂತೆ.

ಸ್ವರೂಪ: ಮುಗಿದಿದೆ

ಒಬ್ಬರ ಒಡೆತನ. ಪಾಲುದಾರಿಕೆ ಪತ್ರದ ಕರಡು ಬದಿಗಿಟ್ಟಾಯಿತು. ಫರ್ಮಿನ ಲಾಭಕ್ಕೆ ಮೊದಲ ರೂಪಾಯಿಯಿಂದಲೇ 30%, ಸೆಸ್ ಸೇರಿ 31.2% ತೆರಿಗೆ. ಪಾಲುದಾರರ ಸಂಬಳವನ್ನು ಖರ್ಚಿಗೆ ಹಾಕಿ ಲಾಭ ಇಳಿಸಬಹುದು ನಿಜ, ಆದರೆ ಏಪ್ರಿಲ್ 2025ರಿಂದ ಆ ಸಂಬಳ, ಬಡ್ಡಿ ಸೇರಿ ವರ್ಷಕ್ಕೆ 20,000 ದಾಟಿದರೆ ಫರ್ಮೇ 10% ಟಿಡಿಎಸ್ ಹಿಡಿದು ಕಟ್ಟಬೇಕು. ಅದಕ್ಕೊಂದು ಟ್ಯಾನ್ ನಂಬರು, ಮೂರು ತಿಂಗಳಿಗೊಂದು ರಿಟರ್ನು. ಇಷ್ಟು ಸಣ್ಣ ವ್ಯಾಪಾರಕ್ಕೆ ಈ ಉಸಾಬರಿ ಬೇಡ.

ಹೆಸರು: ಒಂದು ಬಿಟ್ಟು ಇನ್ನೊಂದು

ಒಬ್ಬರ ಒಡೆತನದ ಅಂಗಡಿ ಹೆಸರನ್ನು ಕಾಯುವ ಕಚೇರಿ ಎಲ್ಲಿಯೂ ಇಲ್ಲ. ಜಿಎಸ್‌ಟಿ ಪೋರ್ಟಲ್ ಒಂದೇ ವ್ಯಾಪಾರಿ ಹೆಸರನ್ನು ಎಷ್ಟು ಜನಕ್ಕೆ ಬೇಕಾದರೂ ಕೊಡುತ್ತದೆ. ಬನಶಂಕರಿ, ಬಸವೇಶ್ವರ, ಸಂಗಮೇಶ್ವರ ಹೆಸರಿನ ಬಟ್ಟೆ ಅಂಗಡಿ ಬಾಗಲಕೋಟೆ ಜಿಲ್ಲೆಯಲ್ಲಿ ಊರೂರಿಗೆ ಸಿಗುವುದು ಅದಕ್ಕೇ. ಹೆಸರು ತಮ್ಮದೇ ಆಗಿ ಉಳಿಯಬೇಕೆಂದರೆ ಟ್ರೇಡ್‌ಮಾರ್ಕ್ ಒಂದೇ ದಾರಿ.

ಮೊದಲ ಪಟ್ಟಿಯಲ್ಲಿದ್ದ ‘ಇಳಕಲ್ ಸಿರಿ’ ಬಿದ್ದುಹೋಯಿತು. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆ (ಊರಿನ ಹೆಸರನ್ನು ಅಲ್ಲಿನ ಸರಕಿಗೇ ಮೀಸಲಿಡುವ ಜಿಐ ಗುರುತು) ಇದೆ, ಅಂಥ ಹೆಸರು ಒಬ್ಬರ ಸ್ವಂತ ಗುರುತಾಗಲು 1999ರ ಕಾಯ್ದೆ ಬಿಡುವುದಿಲ್ಲ. ‘ತೋಪತೆನಿ’, ‘ಚಿಕ್ಕಿಪರಾಸ್’ ಕೂಡ ಬೇಡ. ಒಂದು ಸೆರಗಿನ ಹೆಸರು, ಇನ್ನೊಂದು ದಡಿಯ ಹೆಸರು. ಸರಕನ್ನೇ ಬಣ್ಣಿಸುವ ಪದಕ್ಕೆ ಪರೀಕ್ಷಕರು ಆಕ್ಷೇಪ ಎತ್ತುವುದು ಖಚಿತ. ಉಳಿದದ್ದು ‘ಹಾಲ್ದೆನಿ’, ಅಂದರೆ ಹಾಲುಗಾಳಿನ ಎಳೆ ತೆನೆ. ಸೀರೆಗೂ ಅದಕ್ಕೂ ನೇರ ಸಂಬಂಧವಿಲ್ಲ, ಅದೇ ಅದರ ಬಲ.

ಇಂಥದೇ ಟ್ರೇಡ್‌ಮಾರ್ಕ್ ಬೇರೆಯವರದ್ದು ಇದೆಯೇ ಎಂದು ಹುಡುಕುವಾಗ ಅಕ್ಷರ ಹೊಂದಾಣಿಕೆ ಮಾತ್ರ ನೋಡಿ ಬಿಡಬಾರದು, ಉಚ್ಚಾರದ ಹುಡುಕಾಟವನ್ನೂ ಓಡಿಸಬೇಕು. ಟ್ರೇಡ್‌ಮಾರ್ಕ್ ಪಟ್ಟಿಯಲ್ಲಿ ಸೀರೆ, ಕುಪ್ಪಸ 25ನೇ ವರ್ಗ. ಖಣದ ಬಟ್ಟೆಯನ್ನೇ ಮಾರಿದರೆ 24. ಅಂಗಡಿ ಸೇವೆ 35. ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ. ಸದ್ಯ 25ಕ್ಕೆ ಮಾತ್ರ ಹಾಕಲಾಗಿದೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಪರೀಕ್ಷಾ ವರದಿ ಬಂದರೆ 30 ದಿನದೊಳಗೆ ಉತ್ತರ ಹೋಗಬೇಕು. ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ 4 ತಿಂಗಳು ಯಾರಾದರೂ ತಕರಾರು ತೆಗೆಯಬಹುದು. ಅಲ್ಲಿಯವರೆಗೆ ಚೀಟಿಯ ಮೇಲೆ ಟಿಎಂ ಗುರುತು ಸಾಕು. ನೋಂದಣಿ ಆಗದೆ ವೃತ್ತದೊಳಗಿನ ‘ಆರ್’ ಹಾಕುವುದು ಅಪರಾಧ.

ಉದ್ಯಮ್: ಬಂದಿದೆ

ಇದು ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ನೋಂದಣಿ. ಸರ್ಕಾರಿ ಪೋರ್ಟಲ್‌ನಲ್ಲಿ ಶುಲ್ಕ ಒಂದು ಪೈಸೆ ಇಲ್ಲ. ಹಣ ಕೇಳುವ, ನೋಡಲು ಅದರಂತೆಯೇ ಇರುವ ಪುಟಗಳು ಬೇಕಾದಷ್ಟಿವೆ. ತೊಡಕು ಬರುವುದು ಹೆಸರಲ್ಲಿ. ಮಲ್ಲವ್ವ, ನೀಲವ್ವ ಥರದ ಹೆಸರು ಆಧಾರ್‌ನಲ್ಲಿ ಇಂಗ್ಲಿಷಿನ ಎರಡು ‘ವಿ’ಯಿಂದ, ಪ್ಯಾನ್‌ನಲ್ಲಿ ಎರಡು ‘ಡಬ್ಲ್ಯೂ’ದಿಂದ ಬರೆದಿರುತ್ತಾರೆ; ಅಡ್ಡಹೆಸರು ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ. ಪ್ಯಾನ್ ಪರಿಶೀಲನೆ ಅಲ್ಲಿಯೇ ನಿಲ್ಲುತ್ತದೆ. ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು, ಉಳಿದದ್ದೆಲ್ಲ ಆಮೇಲೆ.

ಕೊಂಡು ಮಾರುವುದಷ್ಟೇ ಆದರೆ ಚಟುವಟಿಕೆ ಸಂಖ್ಯೆ 4751. ನೂಲು ಕೊಟ್ಟು ನೇಯಿಸಿಕೊಳ್ಳುವುದಿದ್ದರೆ 1312 ಸೇರಿಸಬೇಕು. ಬರೀ ವ್ಯಾಪಾರಕ್ಕೆ ಸಿಗುವುದು ಬ್ಯಾಂಕಿನ ಆದ್ಯತಾ ಸಾಲದ ಅನುಕೂಲ ಮಾತ್ರ. 45 ದಿನದೊಳಗೆ ಬಾಕಿ ವಸೂಲಿಯ ರಕ್ಷಣೆ ಅದಕ್ಕಿಲ್ಲ.

ಜಿಎಸ್‌ಟಿ: ನೋಟಿಸು ಬಂದಿದೆ, ಉತ್ತರ ತಯಾರಾಗುತ್ತಿದೆ

ಸರಕಿನ ವ್ಯಾಪಾರಕ್ಕೆ 40 ಲಕ್ಷದವರೆಗೆ ನೋಂದಣಿ ಬೇಕಿಲ್ಲ ಎಂಬ ಮಾತು ರಾಜ್ಯದೊಳಗಿನ ಮಾರಾಟಕ್ಕೆ ಸರಿ. ಸೊಲ್ಲಾಪುರಕ್ಕೆ ಒಂದು ಪಾರ್ಸಲ್ ಹೋದರೂ ನೋಂದಣಿ ಕಡ್ಡಾಯ. ಕೈಕಸುಬಿನ ಸರಕಿಗೆ ಒಂದು ವಿನಾಯಿತಿ ಇದೆ, ಆದರೆ ಪವರ್‌ಲೂಮ್ ಸೀರೆಯೂ ಕಪಾಟಿನಲ್ಲಿದೆ. ವಹಿವಾಟಿನ ಮೇಲೆ 1% ಮಾತ್ರ ಕಟ್ಟುವ ಕಾಂಪೋಸಿಷನ್ ಯೋಜನೆಯೂ ಹೊರರಾಜ್ಯಕ್ಕೆ ಮಾರುವವರಿಗಿಲ್ಲ. ಹಾಗಾಗಿ ಸಾಮಾನ್ಯ ನೋಂದಣಿ, ಮೂರು ತಿಂಗಳಿಗೊಮ್ಮೆ ರಿಟರ್ನು. ತೆರಿಗೆ ಮಾತ್ರ ಮೊದಲೆರಡು ತಿಂಗಳಿಗೆ ಆಯಾ ತಿಂಗಳದ್ದು ಅದರ ಮುಂದಿನ ತಿಂಗಳ 25ರೊಳಗೆ.

ಅರ್ಜಿಯ ಮೊದಲ ಭಾಗದಲ್ಲಿ ಸಿಗುವ ತಾತ್ಕಾಲಿಕ ಸಂಖ್ಯೆಗೆ 15 ದಿನ ಆಯುಷ್ಯ. ಕಾನೂನು ಹೆಸರು ಪ್ಯಾನ್‌ನಿಂದ ತಾನೇ ಬಂದು ಕೂರುತ್ತದೆ, ‘ಹಾಲ್ದೆನಿ’ಯನ್ನು ವ್ಯಾಪಾರಿ ಹೆಸರಿನ ಖಾನೆಯಲ್ಲಿ ಬರೆಯಬೇಕು. ಉದ್ಯಮ್‌ನಲ್ಲಿ ಬರೆದ ಇಂಗ್ಲಿಷ್ ಅಕ್ಷರಗಳೇ ಇಲ್ಲಿಯೂ ಇರಲಿ. ಚಾಲ್ತಿ ಖಾತೆಗೆ ಬ್ಯಾಂಕಿನವರು ಈ ಎರಡು ಕಾಗದವನ್ನೇ ಅಕ್ಕಪಕ್ಕ ಇಟ್ಟು ನೋಡುತ್ತಾರೆ.

ನೋಟಿಸು ವಿಳಾಸದ್ದು. ಕರೆಂಟ್ ಬಿಲ್ಲು ತೀರಿಕೊಂಡ ಹಿರಿಯರ ಹೆಸರಲ್ಲಿದೆ. ಆಸ್ತಿ ಪತ್ರದಲ್ಲಿ ತಾಲ್ಲೂಕು ಹುನಗುಂದ, ಅರ್ಜಿಯಲ್ಲಿ ಇಳಕಲ್. ಇಳಕಲ್ ತಾಲ್ಲೂಕಾಗುವ ಮುಂಚಿನ ಕಾಗದ ಅದು. ಉತ್ತರಕ್ಕೆ 7 ಕೆಲಸದ ದಿನ. ಹೋಗುತ್ತಿರುವುದು: ನಗರಸಭೆಯ ಈಚಿನ ತೆರಿಗೆ ರಸೀದಿ, ಈಗಿನ ವಾರಸುದಾರರ ಒಪ್ಪಿಗೆ ಪತ್ರ, ತಾಲ್ಲೂಕಿನ ಬಗ್ಗೆ ಒಂದು ಸಾಲಿನ ವಿವರಣೆ. ವಿವರಣೆ ಉದ್ದ ಮಾಡಿದಷ್ಟೂ ಹೊಸ ಪ್ರಶ್ನೆ ಹುಟ್ಟುತ್ತವೆ.

ಬೆಲೆ ಚೀಟಿ

ಸೀರೆಗೆ 5%. ಹೊಲಿದ ಕುಪ್ಪಸಕ್ಕೆ ಒಂದರ ಬೆಲೆ 2,500ರವರೆಗೆ 5%, ಮೇಲಾದರೆ 18%. ತೆರಿಗೆ ಸೇರಿ 2,100ಕ್ಕೆ ಮಾರಿದ ಸೀರೆಯಲ್ಲಿ ತೆರಿಗೆ 100 ರೂಪಾಯಿ, 105 ಅಲ್ಲ; 105ರಿಂದ ಭಾಗಿಸಿ 5ರಿಂದ ಗುಣಿಸಬೇಕು. ರಾಜ್ಯದೊಳಗೆ ಕೇಂದ್ರಕ್ಕೆ 50, ರಾಜ್ಯಕ್ಕೆ 50 ಎಂದು ಬಿಲ್ಲಿನಲ್ಲಿ ಎರಡು ಸಾಲು, ಮಹಾರಾಷ್ಟ್ರದ ವಿಳಾಸಕ್ಕೆ ಕಳಿಸಿದರೆ ಐಜಿಎಸ್‌ಟಿ (ಹೊರರಾಜ್ಯದ ಮಾರಾಟದ ತೆರಿಗೆ) ಒಂದೇ ಸಾಲು. ನೋಂದಣಿ ಇಲ್ಲದ ನೇಕಾರರಿಂದ 1,600ಕ್ಕೆ ಕೊಂಡದ್ದರ ಮೇಲೆ ಹೂಡುವಳಿ ತೆರಿಗೆ (ಕೊಳ್ಳುವಾಗ ಕೊಟ್ಟ ತೆರಿಗೆ) ಎಂದು ಕಳೆದುಕೊಳ್ಳಲು ಏನೂ ಇಲ್ಲ. ಆ 100 ಪೂರ್ತಿ ಕೈಯಿಂದಲೇ ಹೋಗುತ್ತದೆ, ಉಳಿಯುವುದು 400. ಅದರಲ್ಲಿಯೇ ಕೊರಿಯರ್, ಬಾಡಿಗೆ.

ಬಾಕಿ

ಜಿಎಸ್‌ಟಿ ಬಂದ ಮೇಲೆ ವೃತ್ತಿ ತೆರಿಗೆ ದಾಖಲಾತಿ, ವರ್ಷಕ್ಕೆ 2,500, ಏಪ್ರಿಲ್ 30ರೊಳಗೆ. ಬ್ಯಾಂಕ್ ಖಾತೆ ವಿವರ ಪೋರ್ಟಲ್‌ಗೆ 30 ದಿನದೊಳಗೆ. ನಾಮಫಲಕ ಬರೆಯುವವರಿಗೆ ಸದ್ಯ ತಡೆಯಿರಿ ಎಂದು ಹೇಳಲಾಗಿದೆ: 60% ಕನ್ನಡ ಮೇಲ್ಭಾಗದಲ್ಲಿ ಬರಬೇಕು, ಅದೇ ಫಲಕದಲ್ಲಿ 29ರಿಂದ ಶುರುವಾಗುವ 15 ಅಕ್ಷರದ ಜಿಎಸ್‌ಟಿ ಸಂಖ್ಯೆಯೂ ಇರಬೇಕು. ಸಂಖ್ಯೆ ಕೈಗೆ ಬಂದ ಮೇಲೆಯೇ ಬಣ್ಣ.